ಅರವತ್ತೋ, ನೂರ ಇಪ್ಪತ್ತೋ?

ಈ ಸಲದ ವಿಷಯವನ್ನು ಒದಗಿಸಿಕೊಟ್ಟವರು ಸಾನಪಾಡಾದ ಓದುಗರೊಬ್ಬರು. ಅವರ ಮನೆಯಲ್ಲಿ ಪ್ಲೇಸ್ಟೇಷನ್ ೫ ಎಂಬ ಆಟದ ಪೆಟ್ಟಿಗೆ ಉಂಟು. ಆರು ವರ್ಷಗಳ ಹಿಂದೆ ಕೊಂಡ ಟಿ.ವಿ. ಇನ್ನೂ ಚೆನ್ನಾಗಿಯೇ ನಡೆಯುತ್ತಿದೆ. ಆದರೆ ಕಾಲೇಜಿಗೆ ಹೋಗುವ ಮಗ, “ಅಪ್ಪಾ, ನಮ್ಮದು ಬರೇ ಅರವತ್ತರದು. ನೂರ ಇಪ್ಪತ್ತರದು ಬೇಕು” ಎಂದು ಹಟ ಹಿಡಿದಿದ್ದಾನಂತೆ. ತಾಯಿ ಮಗನ ಪಕ್ಷ. ಅಜ್ಜಿಯದು ಯಾವ ಪಕ್ಷವೂ ಅಲ್ಲ, ಸಂಜೆಯ ಧಾರಾವಾಹಿ ತಪ್ಪದಿದ್ದರೆ ಸಾಕು. “ಈ ನೂರ ಇಪ್ಪತ್ತು ಎಂಬುದು ನಿಜವಾಗಿ ಇರುವ ವಸ್ತುವೋ, ಅಂಗಡಿಯವರು ಕಟ್ಟಿದ ಮಾತೋ?” ಎಂದು ಅವರು ಕೇಳುತ್ತಾರೆ.

ಮನೆ ಸಾಲದ ಕಂತು, ಕಾಲೇಜಿನ ಫೀಸು, ವರ್ಷಕ್ಕೊಮ್ಮೆ ಊರಿಗೆ ಹೋಗಿಬರುವ ಖರ್ಚು ಇವೆಲ್ಲವನ್ನೂ ಒಂದೇ ಸಂಬಳದಲ್ಲಿ ತೂಗಿಸುವ ಸಂಸಾರಕ್ಕೆ ಇದು ಸಣ್ಣ ಪ್ರಶ್ನೆಯೇನಲ್ಲ. ಮಗನ ಮಾತು ನಂಬಿ ಕೊಂಡು ಪ್ರಯೋಜನ ಕಾಣದಿದ್ದರೆ ಹಣ ದಂಡ. ನಂಬದೆ ಗದರಿಸಿಬಿಟ್ಟು, ಅವನು ಹೇಳಿದ್ದೇ ದಿಟವೆಂದು ಆಮೇಲೆ ತಿಳಿದುಬಂದರೆ ಮುಂದೆ ಅವನು ನಮಗೆ ಏನನ್ನೂ ಹೇಳಲಿಕ್ಕೆ ಬರುವುದಿಲ್ಲ. ಆದ್ದರಿಂದ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ವಸ್ತು ನಿಜ, ಎಲ್ಲರಿಗೂ ಬೇಕಾದದ್ದಲ್ಲ, ಡಬ್ಬಿಯ ಮೇಲೆ ಅಚ್ಚಾದ ಅಂಕೆಗಳೆಲ್ಲ ನಂಬತಕ್ಕವೂ ಅಲ್ಲ.

ಮುಂಬಯಿ ದೂರದರ್ಶನ ಕೇಂದ್ರ ೧೯೭೨ರ ಅಕ್ಟೋಬರ್ ೨ರಂದು ಆರಂಭವಾಯಿತು. ಆ ಕಾಲದ ಟಿ.ವಿ. ಸೆಕೆಂಡಿಗೆ ೫೦ ಸಲ ಪರದೆಯ ಮೇಲೆ ಗೆರೆ ಎಳೆಯುತ್ತಿತ್ತು. ಒಂದು ಸಲಕ್ಕೆ ಅರ್ಧ ಚಿತ್ರವಾದ್ದರಿಂದ ಪೂರ್ಣ ಚಿತ್ರಗಳು ೨೫ ಮಾತ್ರ. ಈಗಿನ ಸಾಧಾರಣ ಸೆಟ್ಟು ಸೆಕೆಂಡಿಗೆ ೬೦ ಪೂರ್ಣ ಚಿತ್ರಗಳನ್ನು ಬದಲಿಸಬಲ್ಲದು. ಮೇಲ್ತರಗತಿಯದು ೧೨೦, ಕೆಲವು ೧೪೪. ಈ ಲೆಕ್ಕಕ್ಕೆ ಹರ್ಟ್ಸ್ ಎಂದು ಹೆಸರು. ರೇಡಿಯೋ ಅಲೆಗಳನ್ನು ಪ್ರಯೋಗದಿಂದ ತೋರಿಸಿಕೊಟ್ಟ ಜರ್ಮನಿಯ ಹೈನ್‌ರಿಚ್ ಹರ್ಟ್ಸ್ (೧೮೫೭–೧೮೯೪) ಅವರ ನೆನಪಿಗೆ ಇಟ್ಟದ್ದು.

ಇದನ್ನು ನಮ್ಮ ಹಾರ್ಬರ್ ಲೈನಿನ ಲೋಕಲ್ ಗಾಡಿಯಂತೆ ತಿಳಿಯಬಹುದು. ಹತ್ತು ನಿಮಿಷಕ್ಕೊಂದು ಗಾಡಿ ಇದ್ದರೆ, ಒಂದನ್ನು ತಪ್ಪಿಸಿಕೊಂಡವನು ಹತ್ತು ನಿಮಿಷ ಕಾಯಬೇಕು. ಐದಕ್ಕೊಂದಿದ್ದರೆ ಐದೇ ನಿಮಿಷ. ಅರವತ್ತರ ಪರದೆಯಲ್ಲಿ ಚಿತ್ರದಿಂದ ಚಿತ್ರಕ್ಕೆ ಸುಮಾರು ೧೬.೭ ಮಿಲಿಸೆಕೆಂಡ್, ಅಂದರೆ ಸೆಕೆಂಡಿನ ಸಾವಿರ ಪಾಲಿನಲ್ಲಿ ಹದಿನಾರು ಚಿಲ್ಲರೆ ಪಾಲು. ನೂರ ಇಪ್ಪತ್ತರಲ್ಲಿ ೮.೩. ಕುಳಿತು ನೋಡುವವರಿಗೆ ಇದು ಲೆಕ್ಕಕ್ಕೇ ಬಾರದು. ಆಡುವವನ ಸಂಗತಿ ಬೇರೆ. ಅವನು ಗುಂಡಿ ಒತ್ತುತ್ತಾನೆ, ಪರದೆ ಉತ್ತರ ಕೊಡುತ್ತದೆ. ಕೈಗೂ ಕಣ್ಣಿಗೂ ನಡುವಿನ ಆ ಅಂತರ ಅವನಿಗೆ ತಿಳಿಯುತ್ತದೆ. ಓಡುವ ವಸ್ತುವನ್ನು ಕಣ್ಣು ಹಿಂಬಾಲಿಸುವಾಗ ಕಾಣುವ ಮಸುಕೂ ಕಡಿಮೆಯಾಗುತ್ತದೆ. ಮಗ ಸುಳ್ಳು ಹೇಳುತ್ತಿಲ್ಲ.

ಆದರೆ ಪ್ರಯಾಣಿಕರೇ ಬಾರದಿದ್ದರೆ ಗಾಡಿಗಳನ್ನು ಹೆಚ್ಚಿಸಿ ಫಲವೇನು? ನೂರ ಇಪ್ಪತ್ತು ಎಂಬುದು ಕಣ್ಣಿಗೆ ಬರಬೇಕಾದರೆ ಮೂರು ಕಡೆ ಹೊಂದಿಕೆಯಾಗಬೇಕು.

ಮೊದಲನೆಯದು ಪೆಟ್ಟಿಗೆ. ೨೦೨೦ರ ನವೆಂಬರಿನಲ್ಲಿ ಹೊರಬಂದ ಪ್ಲೇಸ್ಟೇಷನ್ ೫ (ನಮ್ಮ ದೇಶಕ್ಕೆ ಬಂದದ್ದು ೨೦೨೧ರ ಫೆಬ್ರವರಿ ೨ರಂದು) ಮತ್ತು ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಇವುಗಳಿಗೆ ಆ ಶಕ್ತಿ ಉಂಟು. ಹಳೆಯ ಪ್ಲೇಸ್ಟೇಷನ್ ೪ ಮತ್ತು ೨೦೧೭ರ ನಿಂಟೆಂಡೋ ಸ್ವಿಚ್ ಟಿ.ವಿ.ಗೆ ಅರವತ್ತನ್ನು ದಾಟಿಸವು. ಇವನ್ನು ಇಟ್ಟುಕೊಂಡು ನೂರ ಇಪ್ಪತ್ತರ ಟಿ.ವಿ. ತಂದರೆ ಮೂಗಿಗಿಂತ ಮೂಗುತಿ ಭಾರ.

ಎರಡನೆಯದು ಆಟ. ಹೆಚ್ಚಿನ ಆಟಗಳು ಸೆಕೆಂಡಿಗೆ ೩೦ ಅಥವಾ ೬೦ ಚಿತ್ರಗಳನ್ನಷ್ಟೇ ತಯಾರಿಸುತ್ತವೆ. ಫೋರ್ಟ್‌ನೈಟ್, ಕಾಲ್ ಆಫ್ ಡ್ಯೂಟಿಯಂಥ ಗುಂಡು ಹಾರಿಸುವ ಪಂದ್ಯಗಳಲ್ಲಿ ೧೨೦ರ ಏರ್ಪಾಡು ಉಂಟು. ಇನ್ನೊಂದು ಜಾಣತನವೂ ಉಂಟು. ರ‍್ಯಾಚೆಟ್ ಆ್ಯಂಡ್ ಕ್ಲ್ಯಾಂಕ್ ಎಂಬ ೨೦೨೧ರ ಆಟದಲ್ಲಿ ೪೦ ಚಿತ್ರಗಳ ಕ್ರಮವೊಂದನ್ನು ಇಟ್ಟರು. ೧೨೦ನ್ನು ೪೦ರಿಂದ ಭಾಗಿಸಿದರೆ ಶೇಷವಿಲ್ಲದೆ ಮೂರು. ೬೦ನ್ನು ಭಾಗಿಸಿದರೆ ಒಂದೂವರೆ. ಆದ್ದರಿಂದ ಆ ಕ್ರಮಕ್ಕೆ ನೂರ ಇಪ್ಪತ್ತರ ಪರದೆಯೇ ಬೇಕು. ಮಗ ಆಡುವುದು ಯಾವ ಆಟ ಎಂದು ತಂದೆ ಕೇಳಿ ತಿಳಿಯಬೇಕಾದದ್ದು ಇಲ್ಲಿ.

ಮೂರನೆಯದು ತಂತಿ ಮತ್ತು ಟಿ.ವಿ.ಯ ಬೆನ್ನಿನ ಕಿಂಡಿ. ೪ಕೆ ಚಿತ್ರವೊಂದರಲ್ಲಿ ಸುಮಾರು ೮೩ ಲಕ್ಷ ಚುಕ್ಕೆಗಳು. ಸೆಕೆಂಡಿಗೆ ೧೨೦ ಚಿತ್ರಗಳೆಂದರೆ ಹತ್ತಿರ ಹತ್ತಿರ ನೂರು ಕೋಟಿ ಚುಕ್ಕೆಗಳು ಹಾದುಹೋಗಬೇಕು. ಅಷ್ಟು ಹೊರುವುದು ಎಚ್‌ಡಿಎಂಐ ೨.೧ ಎಂಬ ಏರ್ಪಾಡು. ಎಷ್ಟೋ ಸೆಟ್ಟುಗಳಲ್ಲಿ ನಾಲ್ಕು ಕಿಂಡಿಗಳಿದ್ದರೂ ಆ ಯೋಗ್ಯತೆ ಎರಡಕ್ಕೇ ಇರುತ್ತದೆ. ತಪ್ಪು ಕಿಂಡಿಗೆ ಸಿಕ್ಕಿಸಿದರೆ ಕೊಟ್ಟ ಹಣದ ಅರ್ಧ ಫಲ ಗೋಡೆಯ ಪಾಲು.

ಇನ್ನು ಡಬ್ಬಿಯ ಮೇಲಿನ ಬರಹ. “ಮೋಷನ್ ರೇಟ್ ೨೪೦” ಎಂಬಂಥ ಮಾತುಗಳು ಪರದೆಯ ನಿಜವಾದ ವೇಗವಲ್ಲ. ಇರುವ ಎರಡು ಚಿತ್ರಗಳ ನಡುವೆ ಟಿ.ವಿ.ಯೇ ಇಲ್ಲದ ಚಿತ್ರವನ್ನು ಊಹಿಸಿ ತುರುಕುವ ವಿದ್ಯೆ ಅದು. ಆಟಕ್ಕೆ ಅದರಿಂದ ತಡವೇ ಹೊರತು ಲಾಭವಿಲ್ಲ. “೧೨೦ ಡಿ.ಎಲ್.ಜಿ.” ಎಂದಿದ್ದರೆ, ಮೇಲಿಂದ ಕೆಳಗಿನ ಗೆರೆಗಳನ್ನು ಅರ್ಧಕ್ಕಿಳಿಸಿ ವೇಗ ಹೆಚ್ಚಿಸಿದ್ದಾರೆಂದು ಅರ್ಥ. ಕೇಳಬೇಕಾದ ಮಾತು ಒಂದೇ: “ಪರದೆಯ ಸ್ವಂತ ವೇಗ ೧೨೦ ಹೌದೇ? ೪ಕೆಯಲ್ಲಿಯೂ ಹೌದೇ?” ಸಾಧ್ಯವಾದರೆ ಆಟದ ಪೆಟ್ಟಿಗೆಯನ್ನೇ ಚೀಲದಲ್ಲಿ ಹಾಕಿಕೊಂಡು ವಾಶಿಯ ಅಂಗಡಿಗೆ ಹೋಗಿ. ಸಾನಪಾಡಾದಿಂದ ಒಂದೇ ನಿಲ್ದಾಣ. ಜೋಡಿಸಿ ನೋಡಿದರೆ, ಟಿ.ವಿ. ಏನನ್ನು ಒಪ್ಪಿಕೊಳ್ಳುತ್ತದೆಂದು ಪ್ಲೇಸ್ಟೇಷನ್ನಿನ ಸೆಟ್ಟಿಂಗ್ಸ್ ಪುಟವೇ ಹೇಳುತ್ತದೆ.

ಹಣ ಬಿಚ್ಚುವ ಮೊದಲು ಕಾಸಿಲ್ಲದೆ ಮಾಡಬಹುದಾದ ಕೆಲಸ ಎರಡಿವೆ. ಹಳೆಯ ಟಿ.ವಿ.ಯಲ್ಲಿ “ಗೇಮ್ ಮೋಡ್” ಎಂಬುದನ್ನು ಹುಡುಕಿ ಹಾಕಿರಿ. ಚಿತ್ರವನ್ನು ಸಿಂಗರಿಸುವ ಸಂಸ್ಕಾರಗಳನ್ನೆಲ್ಲ ಅದು ನಿಲ್ಲಿಸುತ್ತದೆ. ಸಿಂಗಾರದ ದೆಸೆಯಿಂದ ನೂರು ಮಿಲಿಸೆಕೆಂಡಿನಷ್ಟು ತಡಮಾಡುವ ಸೆಟ್ಟುಗಳುಂಟು; ಗೇಮ್ ಮೋಡಿನಲ್ಲಿ ಅವೇ ಇಪ್ಪತ್ತರ ಆಸುಪಾಸಿಗೆ ಇಳಿಯುವುದುಂಟು. ಅರವತ್ತರಿಂದ ನೂರ ಇಪ್ಪತ್ತಕ್ಕೆ ಹೋದರೆ ಚಿತ್ರದಿಂದ ಚಿತ್ರಕ್ಕೆ ಉಳಿಯುವುದು ಎಂಟು ಚಿಲ್ಲರೆ ಎಂಬುದನ್ನು ನೆನೆದರೆ, ಬಿಟ್ಟಿ ಗುಂಡಿಯ ಮಹಿಮೆ ತಿಳಿದೀತು. ಎರಡನೆಯದಾಗಿ, ಆಟ ಅಂತರ್ಜಾಲದಲ್ಲಿ ನಡೆಯುವುದಾದರೆ ಗೋಡೆಯಾಚೆಯ ವೈ-ಫೈ ಬಿಟ್ಟು ತಂತಿಯಿಂದ ಜೋಡಿಸಿರಿ. ಹುಡುಗರು “ಟಿ.ವಿ. ತಡ” ಎಂದು ದೂರುವುದರಲ್ಲಿ ಎಷ್ಟೋ ಪಾಲು ಜಾಲದ ತಡವೇ ಆಗಿರುತ್ತದೆ. ಇವೆರಡನ್ನೂ ಮಗನ ಕೈಯಿಂದಲೇ ಮಾಡಿಸಿ, ಹದಿನೈದು ದಿನ ಆಡಿ ನೋಡಲಿ.

ಅಜ್ಜಿಗೂ ಒಂದು ಮಾತು. ಧಾರಾವಾಹಿಗೆ ನೂರ ಇಪ್ಪತ್ತರಿಂದ ಏನೂ ಆಗದು. ಸಿನಿಮಾಕ್ಕೆ ಕೊಂಚ ಲಾಭ ಉಂಟು. ಚಿತ್ರಗಳನ್ನು ತೆಗೆಯುವುದು ಸೆಕೆಂಡಿಗೆ ೨೪ರಂತೆ. ೧೨೦ಕ್ಕೆ ಅದು ಸರಿಯಾಗಿ ಐದು ಪಾಲು, ೬೦ಕ್ಕೆ ಎರಡೂವರೆ. ಕ್ಯಾಮರಾ ನಿಧಾನವಾಗಿ ಪಕ್ಕಕ್ಕೆ ಸರಿಯುವಾಗ ಕಾಣುವ ಸಣ್ಣ ತಡವರಿಕೆ ಇದರಿಂದ ತಪ್ಪೀತು. ಊಹಿಸಿ ತುರುಕುವ ವಿದ್ಯೆಯನ್ನು ಮಾತ್ರ ಆರಿಸಿಬಿಡಿ. ೨೦೧೮ರ ಡಿಸೆಂಬರಿನಲ್ಲಿ ಹಾಲಿವುಡ್ ನಟ ಟಾಮ್ ಕ್ರೂಸ್ ಕೂಡ ಪ್ರೇಕ್ಷಕರನ್ನು ಇದಕ್ಕಾಗಿಯೇ ಕೇಳಿಕೊಂಡಿದ್ದರು.

ಕೊನೆಗೆ ನಿರ್ಣಯ. ಟಿ.ವಿ. ಚೆನ್ನಾಗಿ ನಡೆಯುತ್ತಿದ್ದು, ಮಗ ಆಡುವುದು ಕಥೆಯ ಆಟಗಳಾದರೆ ಅದನ್ನು ಬದಲಿಸಬೇಡಿ. ಹೇಗೂ ಹೊಸದು ಕೊಳ್ಳುವ ಕಾಲ ಬಂದಿದ್ದರೆ ನಿಜವಾದ ೧೨೦ರದನ್ನೇ ಕೊಳ್ಳಿ. ಮುಂದಿನ ಏಳೆಂಟು ವರ್ಷ ಅದು ಮನೆಯಲ್ಲಿರತಕ್ಕದ್ದು. ಅದರಲ್ಲಿ ವಿ.ಆರ್.ಆರ್. ಎಂಬ ಸೌಲಭ್ಯವೂ ಇರಲಿ. ಆಟದ ವೇಗ ತಗ್ಗಿ ಹೆಚ್ಚಾದಾಗ ಪರದೆಯೂ ಅದಕ್ಕೆ ತಕ್ಕಂತೆ ಹೆಜ್ಜೆ ಹಾಕುತ್ತದೆ. ೩೨ ಇಂಚಿಗಿಂತ ದೊಡ್ಡ ಟಿ.ವಿ.ಗಳ ಮೇಲಿನ ಜಿ.ಎಸ್.ಟಿ. ೨೦೨೫ರ ಸೆಪ್ಟೆಂಬರ್ ೨೨ರಿಂದ ನೂರಕ್ಕೆ ೨೮ರಿಂದ ೧೮ಕ್ಕೆ ಇಳಿದದ್ದೂ ಒಂದು ಅನುಕೂಲ.

ಟಿ.ವಿ. ಚೆನ್ನಾಗಿದೆ, ಆದರೆ ಮಗ ಆಡುವುದು ಪಂದ್ಯದ ಆಟಗಳೇ ಎಂದಾದರೆ ಮೂರನೆಯ ದಾರಿಯೊಂದಿದೆ: ಅವನ ಓದುವ ಮೇಜಿಗೆ ೨೭ ಇಂಚಿನ, ೧೪೪೦ ಗೆರೆಗಳ ಕಂಪ್ಯೂಟರ್ ಮಾನಿಟರು. ೨೦೨೨ರ ಸೆಪ್ಟೆಂಬರಿನಿಂದ ಪ್ಲೇಸ್ಟೇಷನ್ ೫ ಅದಕ್ಕೂ ೧೨೦ರಂತೆ ಚಿತ್ರ ಕಳಿಸುತ್ತದೆ. ಖರ್ಚು ದೊಡ್ಡ ಟಿ.ವಿ.ಗಿಂತ ಬಹಳ ಕಡಿಮೆ. ಹಗಲು ಓದಿಗೂ ಆಯಿತು. ಸಾನಪಾಡಾ ಇರಲಿ, ಡೊಂಬಿವಲಿ, ಕಲ್ಯಾಣವಿರಲಿ, ಒಂದೇ ಹಾಲಿನಲ್ಲಿ ಮೂರು ತಲೆಮಾರು ಕೂರುವ ನಮ್ಮಂಥವರ ಮನೆಗಳಿಗೆ ಇದೇ ಮೇಲೆಂದು ನನ್ನ ಎಣಿಕೆ. ಅಜ್ಜಿಯ ಧಾರಾವಾಹಿಯೂ ನಿಲ್ಲುವುದಿಲ್ಲ, ಮಗನ ಪಂದ್ಯವೂ ನಿಲ್ಲುವುದಿಲ್ಲ. ಪ್ರಶ್ನೆ ಕಳಿಸಿದ ಮಹನೀಯರು ಈ ಅಂಕಣವನ್ನು ಮಗನಿಗೂ ಓದಿ ಹೇಳಲಿ. ಅವನಿಗೆ ಕನ್ನಡ ಓದಲು ಬರುತ್ತಿದ್ದರೆ ಅವನೇ ಓದಲಿ, ತಪ್ಪಿದ್ದರೆ ತಿದ್ದಿ ಬರೆಯಲಿ. ಮುಂದಿನ ಸಂಚಿಕೆಯಲ್ಲಿ ಅದಕ್ಕೆ ಸ್ಥಳ ಕಾದಿರಿಸಿದೆ.