ಸೋಮನಹಳ್ಳಿ ಎಂದು ಬರೆದದ್ದು ಪರದೆಯ ಮೇಲೆ ಏಕೆ ಕೆಡುತ್ತದೆ

ಮದ್ದೂರು ತಾಲ್ಲೂಕಿನ ಒಂದು ಊರಿನ ಹೆಸರನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳೋಣ: ಸೋಮನಹಳ್ಳಿ. ಹಾಲಿನ ಡೈರಿಯ ಸದಸ್ಯರ ಪಟ್ಟಿಯಲ್ಲೋ, ದೇವಸ್ಥಾನದ ಜೀರ್ಣೋದ್ಧಾರದ ಲೆಕ್ಕದಲ್ಲೋ ಈ ಹೆಸರನ್ನು ಕನ್ನಡದಲ್ಲಿ ಟೈಪ್ ಮಾಡಿ ಇನ್ನೊಬ್ಬರಿಗೆ ಕಳುಹಿಸುತ್ತೇವೆ. ಅದನ್ನು ಅಲ್ಲಿ ತೆರೆದವರಿಗೆ ಒಮ್ಮೊಮ್ಮೆ ತಲೆಯ ಮೇಲೆ ಓರೆಗೀಟು ಹೊತ್ತ ಇಂಗ್ಲಿಷ್ ‘ಎ’ಗಳ ಸಾಲು ಕಾಣುತ್ತದೆ. ಒಮ್ಮೊಮ್ಮೆ ಬರೀ ಪ್ರಶ್ನಾರ್ಥಕ ಚಿಹ್ನೆಗಳು, ಒಮ್ಮೊಮ್ಮೆ ಖಾಲಿ ಚೌಕಗಳು. ಇನ್ನು ಕೆಲವು ಸಲ ಕನ್ನಡವೇನೋ ಕಾಣುತ್ತದೆ, ಆದರೆ ಒತ್ತಕ್ಷರಗಳು ಬಿಡಿಬಿಡಿಯಾಗಿ ಚೆಲ್ಲಿಕೊಂಡಿರುತ್ತವೆ. ಇವೆಲ್ಲವನ್ನೂ ‘ಫಾಂಟ್ ಪ್ರಾಬ್ಲಂ’ ಎಂದು ಒಂದೇ ಮಾತಿನಲ್ಲಿ ಮುಗಿಸುವುದು ನಮ್ಮಲ್ಲಿ ರೂಢಿ. ಆದರೆ ಇವುಗಳ ಕಾರಣ ಬೇರೆ ಬೇರೆ, ಪರಿಹಾರವೂ ಬೇರೆ ಬೇರೆ. ಒಂದರಲ್ಲಿ ಬರಹ ಪೂರ್ತಿ ಸುರಕ್ಷಿತವಾಗಿರುತ್ತದೆ, ಇನ್ನೊಂದರಲ್ಲಿ ಮತ್ತೆ ಸಿಗದಂತೆ ಹೋಗಿಬಿಟ್ಟಿರುತ್ತದೆ.

ಮೊದಲು ಮೂಲ ಸಂಗತಿ. ಕಂಪ್ಯೂಟರು ಅಕ್ಷರಗಳನ್ನು ಇಟ್ಟುಕೊಳ್ಳುವುದಿಲ್ಲ, ಸಂಖ್ಯೆಗಳನ್ನು ಇಟ್ಟುಕೊಳ್ಳುತ್ತದೆ. ಕಡತ ಎಂದರೆ 0ಯಿಂದ 255ರ ಒಳಗಿನ ಸಂಖ್ಯೆಗಳ ಒಂದು ಉದ್ದನೆಯ ಸಾಲು. ಆ ಒಂದೊಂದು ಸಂಖ್ಯೆಯ ಜಾಗಕ್ಕೆ ಬೈಟ್ ಎನ್ನುತ್ತಾರೆ. ಯಾವ ಸಂಖ್ಯೆ ಯಾವ ಅಕ್ಷರವನ್ನು ಸೂಚಿಸುತ್ತದೆ ಎಂದು ಹೇಳುವ ಪಟ್ಟಿ ಇನ್ನೊಂದು ಕಡೆ ಇರುತ್ತದೆ. ಅದರ ಹೆಸರು ಎನ್‌ಕೋಡಿಂಗ್, ಅಂದರೆ ಸಂಕೇತ ಪಟ್ಟಿ. ಸರ್ವೆ ನಂಬರು 149 ಎಂದಷ್ಟೇ ಹೇಳಿ ಊರಿನ ಹೆಸರು ಹೇಳದಿದ್ದರೆ ಜಮೀನು ಯಾವುದೆಂದು ತಿಳಿಯುವುದಿಲ್ಲವಲ್ಲ, ಹಾಗೆಯೇ ಬೈಟ್ 149 ಎಂದರೆ ಯಾವ ಅಕ್ಷರ ಎಂಬುದು ಪಟ್ಟಿ ಗೊತ್ತಾಗುವವರೆಗೆ ತಿಳಿಯುವುದಿಲ್ಲ. ತೊಂದರೆ ಏನೆಂದರೆ, ಸಾದಾ ಪಠ್ಯದ ಕಡತದಲ್ಲಿ ಪಟ್ಟಿಯ ಹೆಸರನ್ನು ಸಾಮಾನ್ಯವಾಗಿ ಬರೆದಿರುವುದಿಲ್ಲ. ತೆರೆಯುವ ತಂತ್ರಾಂಶ ಅದನ್ನು ಊಹಿಸಬೇಕು.

ಹಳೆಯ ಪಟ್ಟಿಗಳು ನಮ್ಮನ್ನು ಗಮನದಲ್ಲಿಟ್ಟುಕೊಂಡು ಮಾಡಿದವಲ್ಲ. 1963ರ ಆಸ್ಕಿ ಪಟ್ಟಿಯಲ್ಲಿ ಇದ್ದದ್ದು 128 ಸ್ಥಾನಗಳು. ಇಂಗ್ಲಿಷ್ ಅಕ್ಷರ, ಅಂಕಿ, ವಿರಾಮಚಿಹ್ನೆಗಳಿಗೆ ಅಷ್ಟು ಸಾಕಾಗಿತ್ತು. ಉಳಿದ 128 ಸ್ಥಾನಗಳನ್ನು ಯುರೋಪಿನವರು ಫ್ರೆಂಚ್, ಜರ್ಮನ್ ಮುಂತಾದ ಭಾಷೆಗಳ ಗೀಟು-ಚುಕ್ಕೆಯ ಅಕ್ಷರಗಳಿಗೆ ಬಳಸಿಕೊಂಡರು. ವಿಂಡೋಸಿನ ನೋಟ್‌ಪ್ಯಾಡ್‌ನಲ್ಲಿ ‘ಆನ್ಸಿ’ ಎಂದು ಕಾಣುವುದು ನಮ್ಮ ಕಂಪ್ಯೂಟರುಗಳಲ್ಲಿ ಸಾಮಾನ್ಯವಾಗಿ ಇದೇ ಪಶ್ಚಿಮದ ಪಟ್ಟಿ. ಇದರಲ್ಲಿ ಕನ್ನಡಕ್ಕೆ ಒಂದು ಸ್ಥಾನವೂ ಇಲ್ಲ.

1991ರಲ್ಲಿ ಬಂದ ಯುನಿಕೋಡ್, ಜಗತ್ತಿನ ಎಲ್ಲ ಲಿಪಿಗಳಿಗೂ ಒಂದೇ ಪಟ್ಟಿ ಎಂಬ ಆಲೋಚನೆಯಿಂದ ಹೊರಟಿತು. ಅದರಲ್ಲಿ ಕನ್ನಡಕ್ಕೆ 3200ರಿಂದ 3327ರವರೆಗಿನ ಸ್ಥಾನಗಳು ಸಿಕ್ಕವು. ‘ಸ’ 3256, ‘ಳ’ 3251. ಇಷ್ಟು ದೊಡ್ಡ ಸಂಖ್ಯೆ ಒಂದು ಬೈಟಿನಲ್ಲಿ ಹಿಡಿಸುವುದಿಲ್ಲ. ಆದ್ದರಿಂದ ಅದನ್ನು ಒಡೆದು ಬರೆಯುವ ಒಂದು ಕ್ರಮವನ್ನು ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ 1992ರಲ್ಲಿ ರೂಪಿಸಿದರು. ಅದೇ ಯುಟಿಎಫ್-8. ಇದರಲ್ಲಿ ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್, ಪ್ರತಿ ಕನ್ನಡ ಸಂಕೇತಕ್ಕೆ ಮೂರು ಬೈಟ್. ‘ಸ’ ಎಂಬುದು 224, 178, 184 ಎಂದಾಗುತ್ತದೆ.

ಈಗ ಊರಿನ ಹೆಸರಿಗೆ ಬರೋಣ. ಕಣ್ಣಿಗೆ ಸೋಮನಹಳ್ಳಿಯಲ್ಲಿ ಕಾಣುವುದು ಐದು ಅಕ್ಷರ. ಯುನಿಕೋಡ್‌ನಲ್ಲಿ ಅದು ಒಂಬತ್ತು ಸಂಕೇತ: ಸ, ಅದರ ಓಕಾರದ ಗುರುತು, ಮ, ನ, ಹ, ಳ, ಹಲಂತದ ಗುರುತು, ಇನ್ನೊಂದು ಳ, ಕೊನೆಗೆ ಗುಡಿಸು. ಒಟ್ಟು 27 ಬೈಟುಗಳು. ಈ ಕಡತವನ್ನು ತೆರೆಯುವ ತಂತ್ರಾಂಶ ಪಶ್ಚಿಮದ ಪಟ್ಟಿ ಎಂದು ತಪ್ಪಾಗಿ ಊಹಿಸಿದರೆ ಪ್ರತಿಯೊಂದು ಬೈಟನ್ನೂ ಒಂದೊಂದು ಅಕ್ಷರವೆಂದು ಓದುತ್ತದೆ. ಆ ಪಟ್ಟಿಯಲ್ಲಿ 224 ಎಂದರೆ ಓರೆಗೀಟು ಹೊತ್ತ ಸಣ್ಣ ‘ಎ’, 178 ಎಂದರೆ ಮೇಲಕ್ಕೇರಿದ ಪುಟ್ಟ 2, 179 ಎಂದರೆ ಪುಟ್ಟ 3. ಹಾಗಾಗಿ ಗೀಟಿನ ಸಣ್ಣ ‘ಎ’, ಅದರ ಪಕ್ಕದಲ್ಲೇ ಪುಟ್ಟ 2 ಅಥವಾ 3, ಹೀಗೆ ಮತ್ತೆ ಮತ್ತೆ ಬರುತ್ತಿದ್ದರೆ ಅದು ಒಳ್ಳೆಯ ಯುನಿಕೋಡ್ ಕನ್ನಡವೇ, ಓದಿದ ಪಟ್ಟಿ ಮಾತ್ರ ತಪ್ಪು ಎಂದು ಧೈರ್ಯವಾಗಿ ಹೇಳಬಹುದು. 

ಇಲ್ಲಿ ಮಾಡಬಾರದ ಒಂದು ಕೆಲಸವಿದೆ: ಪರದೆ ಹೀಗೆ ಕೆಟ್ಟು ಕಾಣುತ್ತಿರುವಾಗ ಸೇವ್ ಒತ್ತುವುದು. ಪಶ್ಚಿಮದ ಪಟ್ಟಿಯಲ್ಲಿ 129, 141, 143, 144, 157 ಎಂಬ ಐದು ಸ್ಥಾನಗಳಿಗೆ ಯಾವ ಅಕ್ಷರವನ್ನೂ ಕೊಟ್ಟಿಲ್ಲ. ಕೆಲವು ತಂತ್ರಾಂಶಗಳು ಆ ಸಂಖ್ಯೆಗಳನ್ನು ಹಾಗೆಯೇ ಕಾಪಾಡುತ್ತವೆ, ಕೆಲವು ಎಸೆದುಬಿಡುತ್ತವೆ. ಕನ್ನಡದ ಕೊಂಬಿನ ಮೂರನೆಯ ಬೈಟ್ 129. ಹಲಂತದ ಮೂರನೆಯ ಬೈಟ್ 141. ಕನ್ನಡದಲ್ಲಿ ಸಾಲುಸಾಲಿಗೂ ಬರುವ ಎರಡು ಗುರುತುಗಳೇ ಇವು. ಅವು ಕಳೆದುಹೋದ ಮೇಲೆ ಪಟ್ಟಿಯನ್ನು ಸರಿಪಡಿಸಿದರೂ ಒತ್ತಕ್ಷರಗಳೆಲ್ಲ ಮುರಿದೇ ಕಾಣುತ್ತವೆ. ಹಾಗಾಗಿ ಕೆಟ್ಟದ್ದು ಕಂಡರೆ ಸೇವ್ ಮಾಡದೆ ಮುಚ್ಚಬೇಕು, ಕಡತದ ಒಂದು ಪ್ರತಿ ತೆಗೆದಿಟ್ಟುಕೊಳ್ಳಬೇಕು, ಆಮೇಲೆ ಚಿಕಿತ್ಸೆ.

ಚಿಕಿತ್ಸೆ ಸರಳ, ಆದರೆ ಎರಡು ಆಜ್ಞೆಗಳ ನಡುವಿನ ವ್ಯತ್ಯಾಸ ತಿಳಿದಿರಬೇಕು. ಒಂದು, ಬೈಟುಗಳನ್ನು ಮುಟ್ಟದೆ ಬೇರೆ ಪಟ್ಟಿ ಹಿಡಿದು ಮತ್ತೆ ಓದುವುದು. ಇನ್ನೊಂದು, ಈಗ ಪರದೆಯ ಮೇಲೆ ಏನು ಕಾಣುತ್ತಿದೆಯೋ ಅದನ್ನೇ ಬೇರೆ ಪಟ್ಟಿಯ ಪ್ರಕಾರ ಹೊಸದಾಗಿ ಬರೆಯುವುದು. ಪಠ್ಯ ತಿದ್ದುವ ತಂತ್ರಾಂಶವಾದ ವಿಎಸ್ ಕೋಡ್‌ನಲ್ಲಿ ಮೊದಲನೆಯದಕ್ಕೆ ‘ರೀಓಪನ್ ವಿತ್ ಎನ್‌ಕೋಡಿಂಗ್’ ಎಂದೂ ಎರಡನೆಯದಕ್ಕೆ ‘ಸೇವ್ ವಿತ್ ಎನ್‌ಕೋಡಿಂಗ್’ ಎಂದೂ ಹೆಸರು. ನೋಟ್‌ಪ್ಯಾಡ್ ಪ್ಲಸ್ ಪ್ಲಸ್‌ನ ಎನ್‌ಕೋಡಿಂಗ್ ಮೆನುವಿನಲ್ಲಿ ‘ಕನ್ವರ್ಟ್’ ಎಂಬ ಪದವಿರುವ ಸಾಲುಗಳು ಎರಡನೆಯ ಬಗೆಯವು. ಕೆಟ್ಟು ಕಾಣುವ ಕಡತಕ್ಕೆ ಬೇಕಾದದ್ದು ಮೊದಲನೆಯದು: ಯುಟಿಎಫ್-8 ಎಂದು ಮತ್ತೆ ಓದಿಸುವುದು. ಕನ್ನಡ ಸರಿಯಾಗಿ ಕಂಡ ಮೇಲೆಯೇ ಸೇವ್.

ವಿಂಡೋಸಿನ ನೋಟ್‌ಪ್ಯಾಡ್ 2019ರಿಂದ ಹೊಸ ಕಡತಗಳನ್ನು ತಾನಾಗಿಯೇ ಯುಟಿಎಫ್-8ರಲ್ಲಿ ಉಳಿಸುತ್ತಿದೆ. ಅದಕ್ಕೆ ಹಿಂದಿನ ನೋಟ್‌ಪ್ಯಾಡ್ ಆನ್ಸಿಯಲ್ಲಿ ಉಳಿಸಲು ಹೊರಡುತ್ತಿತ್ತು, ಯುನಿಕೋಡ್ ಅಕ್ಷರಗಳು ಹೋಗುತ್ತವೆ ಎಂದು ಎಚ್ಚರಿಸುತ್ತಲೂ ಇತ್ತು. ಆ ಎಚ್ಚರಿಕೆಯನ್ನು ಓದದೆ ಓಕೆ ಒತ್ತಿದವರ ಕಡತದಲ್ಲಿ ಸೋಮನಹಳ್ಳಿ ಒಂಬತ್ತು ಪ್ರಶ್ನಾರ್ಥಕ ಚಿಹ್ನೆಗಳಾಗಿ ಉಳಿಯಿತು. ಇದು ಬರೀ ಕಾಣುವುದರ ದೋಷವಲ್ಲ. ಪಟ್ಟಿಯಲ್ಲಿ ಸ್ಥಾನವಿಲ್ಲದ ಅಕ್ಷರದ ಬದಲಿಗೆ ನಿಜವಾಗಿಯೂ ಪ್ರಶ್ನಾರ್ಥಕ ಚಿಹ್ನೆಯನ್ನೇ ಬರೆಯಲಾಗಿರುತ್ತದೆ. ಹಳೆಯ ಪ್ರತಿ ಇಲ್ಲದಿದ್ದರೆ ಇದಕ್ಕೆ ಮದ್ದಿಲ್ಲ.

ಎಕ್ಸೆಲ್ ಬಳಸುವವರಿಗೆ ಒಂದು ಮಾತು. ಸಿಎಸ್‌ವಿ ಕಡತವನ್ನು ಡಬಲ್ ಕ್ಲಿಕ್ ಮಾಡಿ ತೆರೆದಾಗ ಕನ್ನಡ ಕೆಟ್ಟು ಕಂಡರೆ, ಡೇಟಾ ಮೆನುವಿನ ಮೂಲಕ ಅದನ್ನು ಆಮದು ಮಾಡಿಕೊಂಡು ಅಲ್ಲಿ ಯುಟಿಎಫ್-8 ಆರಿಸಬೇಕು. ಬೇರೆಯವರಿಗೆ ಕಳುಹಿಸುವಾಗ ‘ಸಿಎಸ್‌ವಿ ಯುಟಿಎಫ್-8’ ಎಂಬ ಬಗೆಯಲ್ಲಿ ಉಳಿಸಿದರೆ ಕಡತದ ಮೊದಲಿಗೆ ಕಣ್ಣಿಗೆ ಕಾಣದ ಗುರುತೊಂದು ಸೇರಿಕೊಂಡು, ಮುಂದೆ ತೆರೆಯುವ ಎಕ್ಸೆಲ್‌ಗೆ ಊಹಿಸುವ ಕಷ್ಟ ಇರುವುದಿಲ್ಲ.

ಖಾಲಿ ಚೌಕಗಳು ಕಂಡರೆ ಹೆದರಬೇಕಾಗಿಲ್ಲ. ಸಂಖ್ಯೆಗಳು ಸರಿಯಾಗಿವೆ, ಓದಿದ ಪಟ್ಟಿಯೂ ಸರಿ, ಚಿತ್ರ ಬಿಡಿಸಲು ಕನ್ನಡದ ಫಾಂಟ್ ಮಾತ್ರ ಇಲ್ಲ. ಈ ಒಂದನ್ನು ನಿಜಕ್ಕೂ ಫಾಂಟ್ ಪ್ರಾಬ್ಲಂ ಎನ್ನಬಹುದು. ತುಂಗಾ, ನಿರ್ಮಲಾ, ನೋಟೋ ಇವುಗಳಲ್ಲಿ ಯಾವುದನ್ನು ಹಾಕಿಕೊಂಡರೂ ಸಾಕು. ಒತ್ತಕ್ಷರ ಬಿಡಿಬಿಡಿಯಾಗಿ ಕಾಣುವುದು ಇನ್ನೊಂದು ಹಂತದ ಕೊರತೆ. ಯುನಿಕೋಡ್ ಅಕ್ಷರಗಳನ್ನು ಉಚ್ಚಾರದ ಕ್ರಮದಲ್ಲಿ ಇಡುತ್ತದೆ. ‘ಳ, ಹಲಂತ, ಳ, ಗುಡಿಸು’ ಎಂಬ ನಾಲ್ಕನ್ನು ಕೂಡಿಸಿ, ಒತ್ತನ್ನು ಕೆಳಗಿಟ್ಟು, ಗುಡಿಸನ್ನು ಮೇಲಿನ ಳಕಾರಕ್ಕೆ ಕಟ್ಟಿ ‘ಳ್ಳಿ’ ಎಂದು ರೂಪಿಸುವ ಕೆಲಸ ತಂತ್ರಾಂಶದ್ದು. ಪುಟ ಜೋಡಿಸುವ ಹಳೆಯ ತಂತ್ರಾಂಶವಾದ ಪೇಜ್‌ಮೇಕರ್‌ಗೆ ಈ ವಿದ್ಯೆ ತಿಳಿದಿರಲಿಲ್ಲ. ನಮ್ಮ ಮುದ್ರಣಾಲಯಗಳೂ ಡಿಟಿಪಿ ಅಂಗಡಿಗಳೂ ಯುನಿಕೋಡ್‌ಗೆ ಬರಲು ತಡಮಾಡಿದ್ದಕ್ಕೆ ಇದು ಒಂದು ಮುಖ್ಯ ಕಾರಣ.

ಹಾಗಾದರೆ ಅಲ್ಲಿಯವರೆಗೆ ಕನ್ನಡವನ್ನು ಬರೆದದ್ದು ಹೇಗೆ? 1998ರಲ್ಲಿ ‘ಬರಹ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶ ಬಂತು. ಕನ್ನಡ ಗಣಕ ಪರಿಷತ್ತು ‘ನುಡಿ’ ಎಂಬ ಇನ್ನೊಂದನ್ನು ರೂಪಿಸಿತು. ಸೋಮನಹಳ್ಳಿಯವರೇ ಆದ ಎಸ್.ಎಂ. ಕೃಷ್ಣ ಮುಖ್ಯಮಂತ್ರಿಯಾಗಿದ್ದ 1999ರಿಂದ 2004ರ ನಡುವೆ ಭೂಮಿ ಯೋಜನೆಯಲ್ಲಿ ಸುಮಾರು 67 ಲಕ್ಷ ಜಮೀನುದಾರರ ಎರಡು ಕೋಟಿಯಷ್ಟು ಪಹಣಿಗಳು ಕಂಪ್ಯೂಟರಿಗೆ ಬಂದವು. ಆಡಳಿತದಲ್ಲಿ ಕನ್ನಡ ಕಂಪ್ಯೂಟರಿಗೆ ಇಷ್ಟು ಕೆಲಸ ಬೀಳುತ್ತಿದ್ದ ಹೊತ್ತಿನಲ್ಲಿ ವಿಂಡೋಸ್ ಯುನಿಕೋಡ್ ಕನ್ನಡವನ್ನು ತೋರಿಸಲು ಕಲಿತದ್ದು 2001ರ ಎಕ್ಸ್‌ಪಿಯಿಂದ. ಅಲ್ಲಿಯತನಕ ಕಾಯುವಂತಿರಲಿಲ್ಲ. ಆದ್ದರಿಂದ ನಮ್ಮವರು ಪಶ್ಚಿಮದ ಪಟ್ಟಿಯ ಸಂಖ್ಯೆಗಳನ್ನೇ ಇಟ್ಟುಕೊಂಡು, ಫಾಂಟಿನಲ್ಲಿ ಇಂಗ್ಲಿಷ್ ಅಕ್ಷರದ ಚಿತ್ರದ ಬದಲು ಕನ್ನಡ ಅಕ್ಷರದ ತುಂಡಿನ ಚಿತ್ರವನ್ನು ಕೂರಿಸಿದರು. ಅಂದಿನ ಮಿತಿಯೊಳಗೆ ಇದು ಬಹಳ ಜಾಣ ಉಪಾಯ, ಕನ್ನಡ ಕಚೇರಿಗಳನ್ನು ವರ್ಷಗಟ್ಟಲೆ ನಡೆಸಿದ್ದೂ ಅದೇ.

ಅದರ ಬೆಲೆಯನ್ನು ಈಗ ತೆರುತ್ತಿದ್ದೇವೆ. ನುಡಿಯ ಆ ಹಳೆಯ ಫಾಂಟುಗಳಲ್ಲಿ ‘ಳಿ’ ಇಡಿಯಾಗಿ ಒಂದು ತುಂಡು, ಅದು ಕೂತಿರುವುದು ಅರ್ಧ ಎಂಬ ಭಿನ್ನರಾಶಿಯ ಜಾಗದಲ್ಲಿ. ‘ನ’ದ ತುಂಡು ಪೌಂಡ್ ಹಣದ ಗುರುತಿನ ಜಾಗದಲ್ಲಿ, ತಲಕಟ್ಟು ಗೀಟಿನ ದೊಡ್ಡ ‘ಎ’ ಜಾಗದಲ್ಲಿ. ಫಾಂಟ್ ಇಲ್ಲದ ಕಡೆ ತೆರೆದಾಗ ಇವೇ ಕಾಣುತ್ತವೆ. ಗೀಟಿನ ದೊಡ್ಡ ‘ಎ’ ಅಲ್ಲಲ್ಲಿ ಬಂದರೆ ನುಡಿ, ಸಣ್ಣ ‘ಎ’ ಜೊತೆ ಪುಟ್ಟ 2 ಅಥವಾ 3 ಬಂದರೆ ಯುನಿಕೋಡ್ ಎಂದು ಗುರುತಿಟ್ಟುಕೊಂಡರೆ ಅರ್ಧ ಕೆಲಸ ಮುಗಿದಂತೆ. ನುಡಿಯ ಬರಹಕ್ಕೆ ಎನ್‌ಕೋಡಿಂಗ್ ಬದಲಿಸಿ ಪ್ರಯೋಜನವಿಲ್ಲ, ಅದನ್ನು ಪರಿವರ್ತಕದಿಂದ ಯುನಿಕೋಡ್‌ಗೆ ತರಬೇಕು.

ಪರಿವರ್ತನೆಯೂ ತುಂಡಿಗೆ ತುಂಡು ಬದಲಿಸುವಷ್ಟು ಸುಲಭವಲ್ಲ, ಏಕೆಂದರೆ ಹಳೆಯ ಫಾಂಟಿನಲ್ಲಿ ಕ್ರಮ ಕಣ್ಣಿಗೆ ಕಂಡಂತೆ ಇದೆ. ‘ಧರ್ಮ’ದ ಅರ್ಕಾವೊತ್ತು ಅಲ್ಲಿ ಮಕಾರದ ನಂತರ ಬರುತ್ತದೆ, ಯುನಿಕೋಡ್‌ನಲ್ಲಿ ಅದು ಮಕಾರಕ್ಕಿಂತ ಮೊದಲು ರಕಾರವಾಗಿ ಬರಬೇಕು. ‘ಸೋ’ ಎಂಬುದರ ಓಕಾರ ಅಲ್ಲಿ ಮೂರು ತುಂಡು, ಇಲ್ಲಿ ಒಂದೇ ಸಂಕೇತ. ಅಜಾಗರೂಕ ಪರಿವರ್ತಕ ಮೂರನ್ನೂ ಹಾಗೆಯೇ ಬಿಟ್ಟರೆ ಕಣ್ಣಿಗೆ ಸೋಮನಹಳ್ಳಿ ಸರಿಯಾಗಿಯೇ ಕಾಣುತ್ತದೆ, ಆದರೆ ಹುಡುಕಿದರೆ ಸಿಗದಿರಬಹುದು. ಕನ್ನಡದ ನಡುವೆ ಇಂಗ್ಲಿಷ್ ಪದಗಳಿದ್ದ ದಾಖಲೆಯಲ್ಲಿ ಇನ್ನೂ ಒಂದು ತೊಡಕು. ವರ್ಡ್ ಕಡತದಲ್ಲಿ ಯಾವ ಪದ ಯಾವ ಫಾಂಟಿನದು ಎಂಬ ಗುರುತು ಇರುತ್ತದೆ, ಸಾದಾ ಪಠ್ಯವಾಗಿ ಉಳಿಸಿದ ಕೂಡಲೇ ಅದು ಹೋಗುತ್ತದೆ. ಆಮೇಲೆ ಯಾವುದು ಇಂಗ್ಲಿಷ್, ಯಾವುದು ಕನ್ನಡದ ತುಂಡು ಎಂದು ಯಂತ್ರಕ್ಕೆ ತಿಳಿಯುವುದಿಲ್ಲ.

ಸಂಘ-ಸಂಸ್ಥೆಗಳ, ಪಂಚಾಯಿತಿಗಳ ಕಂಪ್ಯೂಟರುಗಳಲ್ಲಿ ಇಂಥ ಹಳೆಯ ಕಡತಗಳು ಇನ್ನೂ ಇವೆ. ಅವುಗಳಲ್ಲಿ ಹೆಸರು ಹುಡುಕಲಾಗುವುದಿಲ್ಲ, ಅಕಾರಾದಿಯಾಗಿ ಜೋಡಿಸಲಾಗುವುದಿಲ್ಲ, ಕಣ್ಣು ಕಾಣದವರಿಗೆ ಓದಿ ಹೇಳುವ ತಂತ್ರಾಂಶಕ್ಕೆ ಅವು ಅರ್ಥವಿಲ್ಲದ ಇಂಗ್ಲಿಷ್. ಇವನ್ನು ಯುನಿಕೋಡ್‌ಗೆ ತರುವ ಕೆಲಸವನ್ನು ಮುಂದೂಡಬಾರದು ಎಂಬುದು ನನ್ನ ಅಭಿಪ್ರಾಯ. ಆ ಫಾಂಟುಗಳೊಡನೆ ದುಡಿದ ಟೈಪಿಸ್ಟರು, ಡಿಟಿಪಿಯವರು ಇನ್ನೂ ಕೆಲಸದಲ್ಲಿದ್ದಾರೆ. ಪರದೆಯ ಮೇಲಿನ ಕಸದಂಥ ಸಾಲನ್ನು ನೋಡಿಯೇ ಇದು ಇಂಥ ಫಾಂಟ್ ಎಂದು ಹೇಳಬಲ್ಲರು. ಪರಿವರ್ತಿಸಿದ ಪ್ರತಿಯನ್ನು ಅವರಿಂದಲೇ ಒಮ್ಮೆ ಓದಿಸಬೇಕು, ಅದರಲ್ಲೂ ಜನರ ಮತ್ತು ಊರುಗಳ ಹೆಸರನ್ನು, ಆ ಓದಿಗೆ ಕೂಲಿಯನ್ನೂ ಕೊಡಬೇಕು. ಮೂಲ ಕಡತವನ್ನು ಅಳಿಸದೆ, ಅದು ಯಾವ ಫಾಂಟಿನಲ್ಲಿತ್ತು ಎಂಬುದನ್ನು ಕಡತದ ಹೆಸರಿನಲ್ಲೇ ಬರೆದು ಪಕ್ಕದಲ್ಲಿಡಬೇಕು.