ಮರಳಿನ ವಯಸ್ಸು, ಮರಳಿನ ತವರು

ಹೊಳೆಯ ದಡದಲ್ಲಿ ಕುಳಿತು ಒಂದು ಹಿಡಿ ಮರಳನ್ನು ಕೈಗೆತ್ತಿಕೊಂಡಾಗ, ಅದು ಎಲ್ಲಿಂದ ಬಂದಿತೆಂದು ಕೇಳುವವರು ವಿರಳ. ಕೇಳಿದರೂ, ಮೇಲಿನ ಬೆಟ್ಟದಿಂದ ಬಂದಿತೆಂದು ಹೇಳಿ ಸುಮ್ಮನಾಗುವೆವು. ಆದರೆ ಆ ಬೆಟ್ಟವೇ ಸವೆದು ಹೆಸರಿಲ್ಲದಂತಾಗಿ, ಹೊಳೆ ಬತ್ತಿ, ಮರಳು ಗಟ್ಟಿಯಾಗಿ ಮರಳುಗಲ್ಲಾಗಿದ್ದರೆ ಉತ್ತರ ಹೇಳುವವರಾರು? ಮರಳಿನೊಳಗೆಯೇ ಅಡಗಿರುವ ಜಿರ್ಕಾನ್ ಎಂಬ ಪುಟ್ಟ ಹರಳು ಹೇಳಬಲ್ಲುದು. ಅದು ಸಾಕ್ಷಿ ನುಡಿಯುವ ಬಗೆಯನ್ನೂ, ಆ ಸಾಕ್ಷ್ಯವನ್ನು ಕೇಳುವಾಗ ನಾವು ಎಡವಬಹುದಾದ ಸ್ಥಳವನ್ನೂ ಇಲ್ಲಿ ವಿಚಾರ ಮಾಡೋಣ.

ಜಿರ್ಕಾನ್ ಎಂಬುದು ಜಿರ್ಕೋನಿಯಂ, ಸಿಲಿಕಾನ್, ಆಮ್ಲಜನಕಗಳಿಂದಾದ ಖನಿಜ. ಭೂಗರ್ಭದ ಶಿಲಾರಸವು ಆರುವಾಗ ಈ ಹರಳು ಮೂಡುತ್ತದೆ. ಆಗ ಅದರಲ್ಲಿ ಕೆಲವು ಜಿರ್ಕೋನಿಯಂ ಪರಮಾಣುಗಳ ಸ್ಥಾನದಲ್ಲಿ ಯುರೇನಿಯಂ ಪರಮಾಣುಗಳು ಕುಳಿತುಕೊಳ್ಳುತ್ತವೆ. ಸೀಸಕ್ಕೆ ಮಾತ್ರ ಅಲ್ಲಿ ಎಡೆ ದೊರೆಯದು. ಆದುದರಿಂದ ಇಂದು ಹರಳಿನಲ್ಲಿ ಕಾಣುವ ಸೀಸವು ಬಹುಮಟ್ಟಿಗೆ ಯುರೇನಿಯಮಿನಿಂದಲೇ ಹುಟ್ಟಿದುದು. 238 ಪರಮಾಣು ತೂಕದ ಯುರೇನಿಯಂ 206 ತೂಕದ ಸೀಸವಾಗುವುದು. ಅದರ ಅರ್ಧಾಯುಷ್ಯ ಸುಮಾರು 447 ಕೋಟಿ ವರ್ಷ. 235 ತೂಕದ್ದು 207 ತೂಕದ ಸೀಸವಾಗುವುದು. ಅದರ ಅರ್ಧಾಯುಷ್ಯ ಸುಮಾರು 70 ಕೋಟಿ ವರ್ಷ. ಹೀಗೆ ಒಂದೇ ಹರಳಿನಲ್ಲಿ ಎರಡು ಗಡಿಯಾರಗಳಿವೆ. ಎರಡೂ ಒಂದೇ ಹೊತ್ತನ್ನು ತೋರಿಸಿದರೆ ನಂಬಬಹುದು. ಭೇದ ತೋರಿದರೆ, ಸೀಸವು ಎಂದೋ ಸೋರಿಹೋಗಿರಬೇಕೆಂದು ಸಂಶಯಪಡಬೇಕು.

ಹರಳು ಬಲು ಗಟ್ಟಿ. ತಾಯಿಶಿಲೆ ಪುಡಿಯಾದರೂ ತಾನು ಉಳಿಯುವುದು. ಪಶ್ಚಿಮ ಆಸ್ಟ್ರೇಲಿಯದ ಜಾಕ್ ಹಿಲ್ಸ್ ಎಂಬಲ್ಲಿನ ಗುಂಡುಗಲ್ಲಿನ ಶಿಲೆಯು ಸುಮಾರು 300 ಕೋಟಿ ವರ್ಷಗಳ ಹಿಂದೆ ಸಂಚಯವಾದುದು. ಅದರಲ್ಲಿ ದೊರೆತ ಒಂದು ಜಿರ್ಕಾನಿನ ವಯಸ್ಸು 440 ಕೋಟಿ ವರ್ಷವೆಂದು 2001ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ಆ ಹರಳನ್ನು ಹೆತ್ತ ಶಿಲೆ ಎಲ್ಲಿಯೂ ಸಿಕ್ಕಿಲ್ಲ. ತಾಯಿ ಅಳಿದು ಮಗು ಉಳಿದಂತೆ, ಕಣವೊಂದೇ ಉಳಿದಿದೆ.

ಇಷ್ಟನ್ನು ಕೇಳಿದ ವಿದ್ಯಾರ್ಥಿಗೆ, ಯಂತ್ರಕ್ಕೆ ಹರಳನ್ನು ಒಪ್ಪಿಸಿ ಸಂಖ್ಯೆಯನ್ನು ಪಡೆದರೆ ಕೆಲಸ ಮುಗಿಯಿತೆಂದು ತೋರಬಹುದು. ನಮ್ಮ ಅಭಿಪ್ರಾಯ ಹಾಗಲ್ಲ. ವಯಸ್ಸು ತಿಳಿದ ಮಾತ್ರಕ್ಕೆ ತವರು ತಿಳಿಯದು. ಜಾತ್ರೆಯಲ್ಲಿ ತಪ್ಪಿಸಿಕೊಂಡ ಮಗು ತನಗೆ ಆರು ವರ್ಷವೆಂದು ಹೇಳಿದರೆ ಅದರ ಊರು ಯಾವುದೆಂದು ಗೊತ್ತಾಗುವುದೇ? ಆರು ವರ್ಷದ ಮಕ್ಕಳು ಎಲ್ಲ ಊರುಗಳಲ್ಲಿಯೂ ಇರುವರು.

ಅಮೆರಿಕದ ಒಂದು ನಿದರ್ಶನವನ್ನು ನೋಡಿ. ಯೂಟಾ ಸೀಮೆಯ ನವಾಹೊ ಮರಳುಗಲ್ಲು ಸುಮಾರು 19 ಕೋಟಿ ವರ್ಷಗಳ ಹಿಂದೆ ಮರಳುಗಾಡಿನ ದಿಬ್ಬಗಳಾಗಿದ್ದಿತು. ಅದರ ಓರೆಯಾದ ಪದರಗಳನ್ನು ಅಳೆದ ಭೂವಿಜ್ಞಾನಿಗಳು, ಗಾಳಿಯು ಉತ್ತರದ ಕಡೆಯಿಂದ ಬೀಸುತ್ತಿದ್ದಿತೆಂದು ಬಹು ಹಿಂದೆಯೇ ಕಂಡುಕೊಂಡಿದ್ದರು. ಆದರೆ ಅದರ ಜಿರ್ಕಾನುಗಳಲ್ಲಿ ಅನೇಕವು 100ರಿಂದ 120 ಕೋಟಿ ವರ್ಷ ವಯಸ್ಸಿನವು. ಅಂತಹ ಶಿಲೆಗಳು ಕೆನಡದಿಂದ ಟೆಕ್ಸಾಸಿನವರೆಗೆ ಉದ್ದಕ್ಕೂ ಹಬ್ಬಿವೆ. ಇವುಗಳಲ್ಲಿ ತವರು ಯಾವುದು?

ಇಲ್ಲಿ ಎರಡನೆಯ ಪ್ರಶ್ನೆಯೊಂದು ನೆರವಾಯಿತು. ಯುರೇನಿಯಂ ಹೊರಸೂಸುವ ಆಲ್ಫಾ ಕಣಗಳೇ ಹೀಲಿಯಂ ಅನಿಲವಾಗುವುವು. ಹರಳು ಬಿಸಿಯಾಗಿರುವಾಗ ಈ ಅನಿಲ ತಪ್ಪಿಸಿಕೊಳ್ಳುವುದು. ಉಷ್ಣತೆ ಸುಮಾರು 180 ಡಿಗ್ರಿಗಿಂತ ಕೆಳಗಿಳಿದ ಮೇಲೆ ಒಳಗೆಯೇ ಸೆರೆಯಾಗುವುದು. ಎಂದರೆ ಹೀಲಿಯಮಿನ ಲೆಕ್ಕವು, ಶಿಲೆಯು ಆಳದಿಂದ ಮೇಲೆದ್ದು ತಣಿದ ಕಾಲವನ್ನು ಹೇಳುತ್ತದೆ. ಅದೇ ನವಾಹೊ ಹರಳುಗಳು ತಣಿದುದು ಸುಮಾರು 50ರಿಂದ 25 ಕೋಟಿ ವರ್ಷಗಳ ಹಿಂದೆ ಎಂದು 2003ರಲ್ಲಿ ತಿಳಿದುಬಂದಿತು. ಖಂಡಗಳು ಡಿಕ್ಕಿ ಹೊಡೆದು ಪೂರ್ವದ ಅಪಲೇಷಿಯನ್ ಪರ್ವತಗಳು ಎದ್ದುದು ಈ ಅವಧಿಯಲ್ಲಿಯೇ. ಮರಳು ಅಲ್ಲಿಂದ ಹೊರಟು, ಖಂಡವನ್ನೇ ದಾಟಿದ ನದಿಗಳಲ್ಲಿ 2,000 ಕಿಲೋಮೀಟರಿಗೂ ಮಿಗಿಲಾಗಿ ಪಯಣ ಮಾಡಿ, ಕಡೆಗೆ ಉತ್ತರದ ಗಾಳಿಯ ಕೈಸೇರಿ ದಿಬ್ಬವಾಯಿತೆಂಬ ವಾದಕ್ಕೆ ಹೀಗೆ ಬಲ ಬಂದಿತು. ಗಡಿಯಾರವನ್ನು ಕೊಟ್ಟುದು ಭೌತಶಾಸ್ತ್ರ. ಗಾಳಿಯ ದಿಕ್ಕನ್ನೂ ಪರ್ವತದ ಚರಿತ್ರೆಯನ್ನೂ ಕೊಟ್ಟವರು ಬೆಟ್ಟ ಹತ್ತಿ ಇಳಿದವರು.

ಎಚ್ಚರದ ಮಾತು ಇನ್ನೂ ಉಂಟು. ಒಂದೇ ಕಣ ಮರಳುಗಲ್ಲಾಗಿ, ಮತ್ತೆ ಸವೆದು, ಇನ್ನೊಂದು ಮರಳುಗಲ್ಲನ್ನು ಸೇರಿರಬಹುದು. ಆಗ ನಾವು ಕಾಣುವುದು ಅಜ್ಜಿಯ ಮನೆಯನ್ನು, ತವರುಮನೆಯನ್ನಲ್ಲ. ಮತ್ತೆ, ಎಲ್ಲ ಶಿಲೆಗಳೂ ಜಿರ್ಕಾನನ್ನು ಸಮನಾಗಿ ಕೊಡವು. ಉತ್ತರ ಕರ್ನಾಟಕದ ಕೆಲವು ಜಿಲ್ಲೆಗಳಲ್ಲಿ ಹಾಸಿರುವ ಕಪ್ಪು ಬಸಾಲ್ಟ್ ಶಿಲೆಯಲ್ಲಿ ಅದು ಬಲು ಅಪರೂಪ. ಅಂತಹ ನೆಲವನ್ನು ಕೊರೆದು ಬಂದ ನದಿಯ ಮರಳಿನಲ್ಲಿ ಜಿರ್ಕಾನುಗಳನ್ನಷ್ಟೇ ಎಣಿಸಿದವನಿಗೆ, ಆ ಬಸಾಲ್ಟ್ ನಾಡು ಇದ್ದಿತೆಂಬುದೇ ತಿಳಿಯದೆ ಹೋದೀತು. ನೆಲವನ್ನು ಕಣ್ಣಾರೆ ಕಂಡವನು ಈ ತಪ್ಪು ಮಾಡನು.

ಇದನ್ನು ಭೌತಶಾಸ್ತ್ರದ ಅಧ್ಯಾಪಕರಾದ ನಾವು ಬರೆಯುವುದಕ್ಕೆ ಕಾರಣವುಂಟು. ವಿಕಿರಣಪಟು ವಸ್ತುಗಳ ಕ್ಷಯನಿಯಮವನ್ನು ಕರಿಹಲಗೆಯ ಮೇಲೆ ಬರೆದು, ಅರ್ಧಾಯುಷ್ಯದ ಲೆಕ್ಕಗಳನ್ನು ಮಾಡಿಸಿ, ಗಂಟೆ ಬಾರಿಸಿದೊಡನೆ ಪುಸ್ತಕ ಮುಚ್ಚುವವರು ನಾವೇ. ಲೆಕ್ಕ ಸರಿಯಾಗಿರುತ್ತದೆ, ವಿದ್ಯಾರ್ಥಿಗೆ ಅಂಕವೂ ಬರುತ್ತದೆ. ಆದರೆ ಆ ಲೆಕ್ಕ ಯಾವ ಕಲ್ಲಿನದು ಎಂದು ಅವನು ಕೇಳುವುದಿಲ್ಲ, ನಾವು ಹೇಳುವುದಿಲ್ಲ. ಭೂವಿಜ್ಞಾನವನ್ನು ಕಲ್ಲುಗಳಿಗೆ ಹೆಸರಿಡುವ ವಿದ್ಯೆಯೆಂದು ಹಗುರವಾಗಿ ಕಾಣುವ ಅಭ್ಯಾಸವೂ ನಮ್ಮಲ್ಲಿ ಇಲ್ಲದಿಲ್ಲ. ಇದರಿಂದ ನಷ್ಟವಾಗುವುದು ವಿದ್ಯಾರ್ಥಿಗೆ. ಸಮೀಕರಣವನ್ನು ಬಲ್ಲವನಿಗೆ ನೆಲ ತಿಳಿಯದು; ನೆಲವನ್ನು ಬಲ್ಲವನು ಸಮೀಕರಣಕ್ಕೆ ಅಂಜುವನು.

ದೂರದ ದೇಶಕ್ಕೆ ಹೋಗಬೇಕಾದುದೂ ಇಲ್ಲ. ಪಶ್ಚಿಮ ಕರ್ನಾಟಕದ ಸರಗೂರು ಶಿಲಾಸಮೂಹದ ಪುರಾತನ ಸಂಚಯಗಳಲ್ಲಿ 350 ಕೋಟಿ ವರ್ಷಗಳಿಗೂ ಹಿಂದಿನ ಜಿರ್ಕಾನುಗಳಿರುವುದನ್ನು 1992ರಲ್ಲಿ ವರದಿ ಮಾಡಿರುವರು. ಅಷ್ಟು ಹಳೆಯ ಕಣಗಳು ನಮ್ಮ ಮನೆಯಂಗಳದಲ್ಲಿವೆ. ಭೌತಶಾಸ್ತ್ರದ ತರಗತಿಯು ವರ್ಷಕ್ಕೊಮ್ಮೆಯಾದರೂ ಭೂವಿಜ್ಞಾನದ ತರಗತಿಯೊಡನೆ ಕೂಡಿ ಬೆಟ್ಟದ ತಪ್ಪಲಿಗೆ ಹೋಗಲಿ. ಒಬ್ಬನು ಗಡಿಯಾರವನ್ನು ಓದಲಿ, ಇನ್ನೊಬ್ಬನು ನೆಲವನ್ನು ಓದಲಿ. ಸಂಜೆಗೆ ಹಿಂದಿರುಗುವಾಗ ಇಬ್ಬರೂ ಎರಡನ್ನೂ ಕೊಂಚ ಕಲಿತಿರುವರು. ಮುಂದಿನ ಸಲ ಹಿಡಿ ಮರಳನ್ನು ಎತ್ತಿಕೊಂಡಾಗ, ಅದರ ವಯಸ್ಸನ್ನು ಕೇಳಿದ ಮೇಲೆ ತವರನ್ನೂ ಕೇಳುವರು.