ಹರಿಗೋಲಿಗೊಂದು ಗೆರೆ

ದೋಣಿ ಮಗುಚಿ ಜನ ಸತ್ತ ಮರುದಿನ ‘ಜಲಸಮಾಧಿ’, ‘ವಿಧಿಯಾಟ’ ಎಂಬ ಪದಗಳು ಎಲ್ಲೆಲ್ಲೂ ಕಾಣುತ್ತವೆ. ಎರಡರ ಮೇಲೂ ನನಗೆ ಸಿಟ್ಟಿದೆ. ಈ ಸಿಟ್ಟಿನಲ್ಲಿ ಸಾಹಿತ್ಯದವರಾದ ನಮಗೂ ಪಾಲಿದೆ. ಭವಸಾಗರ, ಸಂಸಾರನೌಕೆ ಎಂದು ಶತಮಾನಗಳಿಂದ ಹಾಡಿ ಹಾಡಿ, ಮುಳುಗುವುದಕ್ಕೂ ಒಂದು ದೈವಿಕ ಕಳೆ ಕೊಟ್ಟುಬಿಟ್ಟಿದ್ದೇವೆ. 12ನೇ ಶತಮಾನದ ಅಂಬಿಗರ ಚೌಡಯ್ಯನನ್ನು ಪಾಠದಲ್ಲಿ ಓದುತ್ತೇವೆ, ಅಂಬಿಗನ ಕಸುಬಿನ ಲೆಕ್ಕ ಮಾತ್ರ ನಮಗೆ ಬೇಡ.

ನಾನಿರುವ ಕಡಕೊಳದಲ್ಲಿ ಬಸ್ಸು ಹತ್ತಿದರೆ ಸ್ವಲ್ಪ ಹೊತ್ತಿಗೇ ನಂಜನಗೂಡಿನ ಕಪಿಲೆ ಸಿಗುತ್ತಾಳೆ. ಇನ್ನೂ ಮುಂದೆ ಹೋದರೆ ತಲಕಾಡಿನ ಕಾವೇರಿ, ಅಲ್ಲಿನ ಹರಿಗೋಲುಗಳು. ಬಿದಿರಿನ ಹೆಣಿಗೆ, ಮೇಲೊಂದು ಹೊದಿಕೆ, ಒಂದು ಹುಟ್ಟು, ಅಷ್ಟೇ. ನೀರಿನ ಮಟ್ಟದಲ್ಲಿ ಅದರ ಅಗಲ 2 ಮೀಟರ್ ಎಂದಿಟ್ಟುಕೊಳ್ಳಿ. ಅದನ್ನು 1 ಸೆಂಟಿಮೀಟರ್ ಕೆಳಗಿಳಿಸಲು ಸುಮಾರು 31 ಕಿಲೋ ಸಾಕು. 60 ಕಿಲೋ ತೂಗುವ ಒಬ್ಬರು ಹತ್ತಿದರೆ ಅಂಚು ಸುಮಾರು 2 ಸೆಂಟಿಮೀಟರ್ ನೀರಿಗೆ ಹತ್ತಿರವಾಗುತ್ತದೆ, ಎಂಟು ಜನ ಹತ್ತಿದರೆ 15. ‘ಇನ್ನಿಬ್ಬರು ಅಡ್ಜಸ್ಟ್ ಮಾಡ್ಕೊಳ್ಳಿ’ ಎಂದರೆ ಮತ್ತೆ 4. ಹಾಗೆ ಉಳಿದ ನಾಲ್ಕು ಬೆರಳಿನ ಅಂಚನ್ನು ಯಾರೋ ಸೆಲ್ಫಿಗೆ ಎದ್ದು ನಿಂತು ಒಂದು ಪಕ್ಕಕ್ಕೆ ವಾಲಿದಾಗ ನೀರು ದಾಟುತ್ತದೆ.

ಒಳಗೆ ಬಂದ ನೀರು ಕೂತ ಪ್ರಯಾಣಿಕನ ಹಾಗಲ್ಲ. ಒಂದೂವರೆ ಮೀಟರ್ ಅಗಲದ ತಳದಲ್ಲಿ 5 ಸೆಂಟಿಮೀಟರ್ ನಿಂತರೂ 88 ಕಿಲೋ ಆಯಿತು, ಅದೂ ದೋಣಿ ಯಾವ ಕಡೆ ವಾಲುತ್ತದೋ ಆ ಕಡೆಗೇ ಓಡುವ 88 ಕಿಲೋ. ಇಷ್ಟಾದರೂ ಹರಿಗೋಲನ್ನು ಗಿರ್ರನೆ ತಿರುಗಿಸಿ ಎಂದು ದುಂಬಾಲು ಬೀಳುವವರಿದ್ದಾರೆ.

2019ರ ಜನವರಿ 21ರಂದು ಕಾರವಾರದ ಕೂರ್ಮಗಡ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಜನ ಸತ್ತರು. ಅದು ಹುಟ್ಟುದೋಣಿಯಲ್ಲ, ಸಮುದ್ರವೂ ಬೇರೆಯೇ. ಆದರೆ ಮಿತಿ ಮೀರಿ ಜನರನ್ನು ತುಂಬಿದ್ದರೆಂಬ ದೂರು ಅಲ್ಲಿಯೂ ಕೇಳಿಬಂತು.

ಅಂಬಿಗನನ್ನು ಬೈದು ಕೈತೊಳೆದುಕೊಳ್ಳುವುದು ಸುಲಭ. ಬಾಡಿಗೆ ತಲೆಗಿಷ್ಟು ಎಂದು ಇರುವ ತನಕ ಒಂಬತ್ತನೆಯ ತಲೆಯನ್ನು ಬಿಟ್ಟರೆ ಅವನ ಮನೆಯ ಸಾರಿಗೆ ಬೇಳೆ ಕಡಿಮೆ. ಹಾಗಾಗಿ ಬಾಡಿಗೆ ದೋಣಿಗಿಷ್ಟು ಎಂದಾಗಲಿ, ಆರು ಜನ ಕೂತರೂ ಅಷ್ಟೇ, ನಾಲ್ವರಾದರೂ ಅಷ್ಟೇ. ಲೈಫ್ ಜಾಕೆಟ್ ಮೂಲೆಯಲ್ಲಿ ರಾಶಿ ಬಿದ್ದಿದ್ದರೆ ಅದೂ ಹೊರೆಯೇ, ಮೈಗೆ ಕಟ್ಟಿದಾಗಲೇ ದೋಣಿ ಬಿಡಬೇಕು. ಫೈಬರ್ ದೋಣಿಯಾದರೆ ಆಸನದಡಿ ಗಾಳಿಪೆಟ್ಟಿಗೆ ಇದೆಯೇ ಎಂದು ಕೇಳಿ. ಮರದ ದೋಣಿ ನೀರು ತುಂಬಿದರೂ ಸಾಮಾನ್ಯವಾಗಿ ತೇಲುತ್ತದೆ, ಹಿಡಿದುಕೊಳ್ಳಲಾದರೂ ಆಗುತ್ತದೆ. ಬರಿ ಫೈಬರ್ ತಳ ಸೇರುತ್ತದೆ.

ಮುಖ್ಯವಾಗಿ ಒಂದು ಗೆರೆ ಬೇಕು. ಇಂಗ್ಲೆಂಡಿನ ಸಂಸದ ಸ್ಯಾಮ್ಯುಯೆಲ್ ಪ್ಲಿಮ್‌ಸಾಲ್ ವರ್ಷಗಟ್ಟಲೆ ಜಗಳವಾಡಿದ ಮೇಲೆ 1876ರ ಕಾಯ್ದೆಯಿಂದ ಅಲ್ಲಿನ ಹಡಗುಗಳ ಮೈಮೇಲೆ ಭಾರದ ಗೆರೆ ಬಂತು. ನಾವಿನ್ನೂ ‘ಅಜ್ಜನ ಕಾಲದಿಂದ ಹೀಗೇ’ ಎನ್ನುತ್ತಿದ್ದೇವೆ. ಅಜ್ಜನ ಕಾಲದಲ್ಲಿ ಹೊಳೆ ದಾಟುವವರು ಹತ್ತುತ್ತಿದ್ದರು, ಈಗ ಭಾನುವಾರದ ಬಸ್ಸುಗಟ್ಟಲೆ ಜನ ಹತ್ತುತ್ತಾರೆ, ಅವರಲ್ಲಿ ಎಷ್ಟೋ ಮಂದಿಗೆ ಈಜು ಬಾರದು.

ದುಂಡಗಿನ ಹರಿಗೋಲಿಗೆ ಗೆರೆ ಎಲ್ಲಿ ಎಳೆಯೋದು ಸ್ವಾಮಿ ಎಂದು ಗೆಳೆಯರೊಬ್ಬರು ನಕ್ಕರು. ಸುತ್ತಲೂ ಎಳೆಯಿರಿ, ಬಿಳಿ ಬಣ್ಣದಲ್ಲಿ, ದಡದಲ್ಲಿ ನಿಂತವರಿಗೂ ಕಾಣುವ ಹಾಗೆ. ಹೊದಿಕೆ ಬದಲಿಸಿದಾಗಲೆಲ್ಲ ಮತ್ತೆ ಬಳಿಯಬೇಕಾಗುತ್ತದೆ.